ಶಿಲಾಫಲಕದ ಕೆಳಗಿದ್ದ ಮುಚ್ಚಳ

ಈ ಬರಹದಲ್ಲಿ ಕೊರತೆಗಳು ಕಂಡರೆ ಓದುಗರು ಮನ್ನಿಸಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ. ನಾನು ಎಂಜಿನಿಯರಿಂಗ್ ಓದಿದವಳು. ಅಂದಾಜುಪಟ್ಟಿ ಮತ್ತು ವರದಿ ಬರೆದು ಅಭ್ಯಾಸವಿದೆಯೇ ಹೊರತು ನಡೆದದ್ದನ್ನು ನಾಲ್ಕು ಜನ ಓದುವಂತೆ ಹೇಳಿ ಅಭ್ಯಾಸವಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವಳು ನಾನೇ ಮೊದಲು. ಪದವೊಂದು ತಪ್ಪಿದರೆ ನಗುವವರಿರುತ್ತಾರೆ ಎಂಬ ಅಳುಕು ಇಷ್ಟು ವರ್ಷಗಳಾದರೂ ಹೋಗಿಲ್ಲ. ಹೇಳುವ ರೀತಿಗೆ ಕ್ಷಮೆ ಕೇಳಿದ್ದೇನೆ. ಮಾಡಿದ ಕೆಲಸಕ್ಕೆ ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ನಡುವೆ ಇದ್ದ ದೊಡ್ಡಕಣಿವೆ ಜಲಾಶಯಕ್ಕೆ ನಾನು ಕಿರಿಯ ಎಂಜಿನಿಯರ್ ಆಗಿ ನೇಮಕಗೊಂಡೆ. ಇನ್ನೂ ಪ್ರೊಬೇಷನ್ ಅವಧಿ. ಅಂದರೆ ಕೆಲಸ ಕೈಯಲ್ಲಿದೆ, ಆದರೆ ಕಾಯಂ ಆಗಿಲ್ಲ. ಮೇಲಿನವರು ಒಂದು ಸಾಲು ಬರೆದರೆ ಮನೆಗೆ ಹೋಗಬೇಕು. ತುಮಕೂರಿನ ಶೆಟ್ಟಿಹಳ್ಳಿಯ ಬಾಡಿಗೆ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ಮನೆಯ ಬಾಡಿಗೆ ನನ್ನ ಸಂಬಳದಿಂದಲೇ ಹೋಗುತ್ತಿತ್ತು.

ಜಲಾಶಯಕ್ಕೆ ಎರಡು ನಾಲೆಗಳು. ಬಲದಂಡೆ ನಾಲೆ ಚಿಕ್ಕದು, ಅದಕ್ಕೆ ಹೇಗೂ ನೀರು ಹರಿಯುತ್ತಿತ್ತು. ಎಡದಂಡೆ ನಾಲೆ ಉದ್ದನೆಯದು. ಅದರ ಕೊನೆಯಲ್ಲಿರುವ ಹರಳುಕಟ್ಟೆಪಾಳ್ಯಕ್ಕೆ ನೀರು ಮುಟ್ಟಬೇಕಾದರೆ ಜಲಾಶಯ ಅಂಚಿನವರೆಗೆ ತುಂಬಿರಲೇಬೇಕು. ಮೇಲಿನ ಕೆಲವು ಅಡಿ ನೀರಿನ ಒತ್ತಡವೇ ಕೊನೆಯ ಗದ್ದೆಗಳಿಗೆ ನೀರನ್ನು ತಳ್ಳುವುದು. ಆ ಕೆಲವು ಅಡಿ ಇಲ್ಲದೆ ಪಾಳ್ಯದವರು ವರ್ಷಗಟ್ಟಲೆ ಒಣ ನಾಲೆಯಲ್ಲಿ ದನ ಹೊಡೆದುಕೊಂಡು ಓಡಾಡಿದ್ದರು. ಆ ವರ್ಷ ಮಳೆ ಚೆನ್ನಾಗಿ ಹಿಡಿದು ಜಲಾಶಯ ತುಂಬಿತು.

ನಮ್ಮ ಅಣೆಕಟ್ಟಿನಲ್ಲಿ ಹೆಚ್ಚುವರಿ ನೀರನ್ನು ಹೊರಹಾಕಲು ಬಾಗಿಲುಗಳಿರಲಿಲ್ಲ, ಮೂರು ಸೈಫನ್‌ಗಳಿದ್ದವು. ಪೀಪಾಯಿಯಿಂದ ಸೀಮೆಎಣ್ಣೆ ತೆಗೆಯುವಾಗ ರಬ್ಬರ್ ಕೊಳವೆಯ ತುದಿಯನ್ನು ಬಾಯಿಂದ ಒಮ್ಮೆ ಎಳೆದು ಬಿಟ್ಟರೆ ಎಣ್ಣೆ ತಾನಾಗಿ ಸುರಿಯುತ್ತಲೇ ಇರುತ್ತದಲ್ಲ, ಸೈಫನ್ ಎಂದರೆ ಅದೇ. ಇಲ್ಲಿ ಕೊಳವೆಯ ಬದಲು ಕಾಂಕ್ರೀಟಿನ ದೊಡ್ಡ ಕಮಾನು. ನೀರು ಪೂರ್ಣಮಟ್ಟ ದಾಟಿದರೆ ತಾನಾಗಿ ಹರಿಯತೊಡಗುತ್ತದೆ. ಪೂರ್ಣಮಟ್ಟಕ್ಕೆ ಇಳಿದಾಗ ಕಮಾನಿನ ಪಕ್ಕದಲ್ಲಿ, ಸರಿಯಾಗಿ ಆ ಮಟ್ಟಕ್ಕೆ ಬಾಯಿ ಇರುವ ಗಾಳಿಕೊಳವೆಯಿಂದ ಒಳಗೆ ಗಾಳಿ ನುಗ್ಗಿ ತಾನಾಗಿ ನಿಲ್ಲುತ್ತದೆ. ಗಾಳಿ ಹೋಗದಿದ್ದರೆ ನಿಲ್ಲುವುದಿಲ್ಲ. ಕಮಾನಿನ ಬಾಯಿ ಬಯಲಾಗುವವರೆಗೆ, ಅಂದರೆ ಆಳೆತ್ತರಕ್ಕೂ ಹೆಚ್ಚಿನ ನೀರನ್ನು ಹೊರಗೆಳೆದು ಹಾಕುತ್ತದೆ. ಅಂಥ ಹೊತ್ತಿಗೆಂದೇ ಪ್ರತಿ ಕಮಾನಿನ ನೆತ್ತಿಯಲ್ಲಿ ಒಂದು ಕಬ್ಬಿಣದ ಮುಚ್ಚಳವಿತ್ತು. ಅದನ್ನು ತೆರೆದರೆ ಮೇಲಿಂದ ಗಾಳಿ ಹೋಗಿ ಸೈಫನ್ ಮುರಿಯುತ್ತದೆ.

ಸೈಫನ್‌ಗಳು ಹರಿಯುವಾಗ ಕೆಳಗಿನ ಬಂಡೆಗಳ ಮೇಲೆ ಬೀಳುವ ನೀರು ನೋಡಲು ಚೆಂದ. ಭಾನುವಾರಗಳಲ್ಲಿ ತುಮಕೂರಿನಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಹೀಗಾಗಿ ಅಲ್ಲಿ ಒಂದು ಉದ್ಯಾನ, ಎರಡು ದೋಣಿ ಮತ್ತು ಒಂದು ವೀಕ್ಷಣಾ ಕಟ್ಟೆ ಮಾಡಬೇಕೆಂದು ತೀರ್ಮಾನವಾಯಿತು. ಕಟ್ಟೆ ಬಂದದ್ದು ನಡುವಿನ ಸೈಫನ್ನಿನ ನೆತ್ತಿಯ ಮೇಲೆ. ಉದ್ಘಾಟನೆಯ ಶಿಲಾಫಲಕದ ಪೀಠವನ್ನು ಗುರುತು ಮಾಡಿದ್ದು ಸರಿಯಾಗಿ ಆ ಕಬ್ಬಿಣದ ಮುಚ್ಚಳದ ಮೇಲೆ.

ನಾನು ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರಿಗೆ, ಅಂದರೆ ನನ್ನ ಮೇಲಧಿಕಾರಿಗೆ, ಇದು ಸರಿಯಲ್ಲ ಎಂದೆ. ಅವರು ಕೆಟ್ಟವರಲ್ಲ. ನಿವೃತ್ತಿ ಹತ್ತಿರವಿತ್ತು, ಅಷ್ಟೆ.

"ಆ ಮುಚ್ಚಳ ಕೊನೇ ಸಲ ಯಾವಾಗ ತೆಗ್ದಿದ್ರಮ್ಮ?"

"ಗೊತ್ತಿಲ್ಲ ಸರ್."

"ನಂಗೂ ಗೊತ್ತಿಲ್ಲ. ಯಾರೂ ತೆಗೀದೇ ಇರೋ ಮುಚ್ಚಳಕ್ಕೆ ಯಾಕಿಷ್ಟು ಯೋಚನೆ? ಫೋಟೋದಲ್ಲಿ ಹಿಂದುಗಡೆ ನೀರು ಕಾಣೋ ಜಾಗ ಅದೊಂದೇ."

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ಆ ಫಲಕವನ್ನು ಕೆತ್ತಿದವರು ನನ್ನ ತಂದೆ ಹನುಮಂತಪ್ಪ. ಶೆಟ್ಟಿಹಳ್ಳಿಯ ರಸ್ತೆಬದಿಯಲ್ಲಿ ತಗಡಿನ ಮಾಡು ಹಾಕಿಕೊಂಡು ಒರಳುಕಲ್ಲು ಮತ್ತು ಶಿಲಾಫಲಕ ಕೆತ್ತುವುದು ಅವರ ಕೆಲಸ. ಅಕ್ಷರಗಳನ್ನು ಮೊದಲು ಕೆತ್ತಲು ಕಲಿತು, ಆಮೇಲೆ ಓದಲು ಕಲಿತವರು. ಗುತ್ತಿಗೆದಾರರು ಅಪ್ಪನಿಗೆ ಕೆಲಸ ಕೊಟ್ಟಾಗ ನಾವು ತಂದೆ ಮಗಳೆಂದು ಅವರಿಗೆ ತಿಳಿದಿರಲಿಲ್ಲ, ನಾನೂ ಹೇಳಲಿಲ್ಲ. ಉದ್ಘಾಟನೆಯ ಹಿಂದಿನ ದಿನ ಅಪ್ಪ ಲಾರಿಯಲ್ಲಿ ಕಲ್ಲು ತಂದು ಪೀಠದ ಮೇಲೆ ಕೂರಿಸಿದರು. ಕರಿಕಲ್ಲು, ಕನ್ನಡಿಯಂಥ ಹೊಳಪು. ಮೇಲೆ ಮುಖ್ಯ ಅತಿಥಿಗಳ ಹೆಸರು ಗೇಣುದ್ದದ ಅಕ್ಷರಗಳಲ್ಲಿ, ಕೆಳಗೆ ಅಧಿಕಾರಿಗಳ ಹೆಸರು.

"ಕೊನೇ ಸಾಲು ಓದವ್ವ" ಎಂದರು.

ಕೊನೆಯ ಸಾಲಿನಲ್ಲಿ, ಎಲ್ಲಕ್ಕಿಂತ ಚಿಕ್ಕ ಅಕ್ಷರಗಳಲ್ಲಿ, ನನ್ನ ಹೆಸರಿತ್ತು. ಹೆಸರಿನ ಮುಂದೆ ಬಿ.ಇ. ಎಂದೂ ಇತ್ತು.

"ಅಪ್ಪ, ಕಿರಿಯ ಎಂಜಿನಿಯರ್ ಹೆಸರು ಹಾಕೋ ಪದ್ಧತಿ ಇಲ್ಲ."

"ಪದ್ಧತಿ ಗಿದ್ಧತಿ ನಂಗೊತ್ತಿಲ್ಲ ಕಣವ್ವ. ಜಾಗ ಮಿಕ್ಕಿತ್ತು, ಕೆತ್ತಿದೆ. ಇಷ್ಟು ವರ್ಷ ಊರೋರ ಹೆಸ್ರೆಲ್ಲಾ ಕೆತ್ತಿದೀನಿ. ನಮ್ಮನೇದು ಒಂದೂ ಇರ್ಲಿಲ್ಲ."

ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮರುದಿನ ಬಾಗಿನದ ಕಾರ್ಯಕ್ರಮ. ನಮ್ಮ ಕಡೆ ಕೆರೆಕಟ್ಟೆ ತುಂಬಿದರೆ ಗಂಗೆಗೆ ಬಾಗಿನ ಕೊಡುತ್ತಾರೆ. ಎರಡು ಬಿದಿರಿನ ಮೊರ. ಒಂದರಲ್ಲಿ ಅರಿಶಿನ ಕುಂಕುಮ, ಬಳೆ, ಕನ್ನಡಿ, ಬೆಲ್ಲ, ಕಾಳುಗಳು ಮತ್ತು ರವಿಕೆ ಬಟ್ಟೆ ಇಟ್ಟು, ಇನ್ನೊಂದನ್ನು ಮೇಲೆ ಮುಚ್ಚಿ ನೀರಿಗೆ ಬಿಡುತ್ತಾರೆ. ದೊಡ್ಡಕಣಿವೆಯಲ್ಲಿ ಹಿಂದಿನಿಂದಲೂ ಬಾಗಿನ ಬಿಡುತ್ತಿದ್ದದ್ದು ಏರಿಯ ಆ ತುದಿಯಲ್ಲಿದ್ದ ಸೋಪಾನದ ಬಳಿ. ಅಲ್ಲಿ ನೀರು ನಿಂತಿರುತ್ತದೆ, ಮೊರ ನೆನೆದು ಅಲ್ಲೇ ಮುಳುಗುತ್ತದೆ. ಆ ದಿನ ಹೊಸ ಕಟ್ಟೆ ಇದೆಯೆಂದು ಎಲ್ಲ ಬಾಗಿನಗಳನ್ನೂ ಸೈಫನ್ನಿನ ನೆತ್ತಿಯಿಂದಲೇ ಬಿಟ್ಟರು. ಮುಖ್ಯ ಅತಿಥಿಗಳ ಬಾಗಿನದ ಮೇಲೆ ರೇಷ್ಮೆ ಸೀರೆಯೊಂದಿತ್ತು. ಅವರ ಹಿಂದೆ ಊರೂರಿನ ಹೆಂಗಸರು. ಮೊರಗಳು ಎಷ್ಟಿದ್ದವೆಂದರೆ ಸ್ವಲ್ಪ ಹೊತ್ತು ನೀರೇ ಕಾಣಲಿಲ್ಲ.

ಹರಳುಕಟ್ಟೆಪಾಳ್ಯದ ಪುಟ್ಟೀರಮ್ಮ ತಮ್ಮ ಮೊರ ಬಿಟ್ಟು ಕೈ ಒರೆಸಿಕೊಳ್ಳುತ್ತಾ ನನ್ನ ಬಳಿ ಬಂದರು. ಭತ್ತದ ಒಟ್ಟಲು, ಅಂದರೆ ಸಸಿಮಡಿ, ಹಾಕಿ ಬಾವಿಯ ಕೊನೆಯ ನೀರನ್ನು ಕೊಡದಲ್ಲಿ ಹೊತ್ತು ಸಸಿ ಉಳಿಸಿಕೊಂಡಿದ್ದ ಹೆಂಗಸು.

"ಇಂಜಿನೇರಮ್ಮೋರೆ, ಈ ಸಲನಾದ್ರೂ ನಮ್ಮೂರ್ಗೆ ನೀರು ಬತ್ತದೋ, ಇಲ್ಲ ಮೇಲ್ಗಡೆಯೋರೇ ಕುಡ್ಕೊಬುಡ್ತಾರೋ?"

"ಕಟ್ಟೆ ತುಂಬಿದೆಯಲ್ಲಮ್ಮ, ಬರುತ್ತೆ."

"ಹಂಗಂತ ಬರ್ದುಕೊಡಿ ಮತ್ತೆ."

"ಬರ್ದುಕೊಡಲ್ಲ. ನೀರೇ ಕೊಡ್ತೀನಿ."

ಅವರು ನಕ್ಕು ಹೋದರು. ನಾನು ಮಾತು ಕೊಟ್ಟಾಗಿತ್ತು.

ಬೆಳಿಗ್ಗೆಯಿಂದ ಮೂರೂ ಸೈಫನ್‌ಗಳು ಹರಿಯುತ್ತಿದ್ದವು. ಮಧ್ಯಾಹ್ನ ಪೂರ್ಣಮಟ್ಟಕ್ಕೆ ನೀರು ಇಳಿಯಿತು. ಎಡಗಡೆಯ ಸೈಫನ್ ಗಂಟಲು ಸರಿಪಡಿಸಿಕೊಂಡಂತೆ ಸದ್ದು ಮಾಡಿ ನಿಂತಿತು. ಹಿಂದೆಯೇ ಬಲಗಡೆಯದೂ ನಿಂತಿತು. ನಡುವಿನದು ನಿಲ್ಲಲಿಲ್ಲ. ನಾನು ಗೋಡೆಯ ಮೇಲಿನ ಅಳತೆಪಟ್ಟಿಯನ್ನೇ ನೋಡುತ್ತಾ ನಿಂತೆ. ನೀರು ಪೂರ್ಣಮಟ್ಟದ ಗೆರೆಗಿಂತ ಬೆರಳಷ್ಟು ಕೆಳಗಿಳಿಯಿತು, ಮತ್ತೆ ಬೆರಳಷ್ಟು. ನೀರಗಂಟಿ ಗಂಗಯ್ಯನವರು, ಅಂದರೆ ತೂಬು ಮತ್ತು ನಾಲೆ ನೋಡಿಕೊಳ್ಳುವವರು, ಬಗ್ಗಿ ನೋಡಿ ಹೇಳಿದರು: "ಮೇಡಂ, ಗಾಳಿಕೊಳವೆ ಒಳಕ್ಕೆ ಸೀರೆ ಹೋಗ್ಬುಟ್ಟಿದೆ."

ಮೊರಗಳು ಸೆಳೆತಕ್ಕೆ ಸಿಕ್ಕಿ ಕೊಳವೆಯ ಬಾಯಿಗೆ ಬಂದು ಒತ್ತಿಕೊಂಡಿದ್ದವು. ಸೀರೆ ಅವುಗಳನ್ನೂ ದಾಟಿ ಒಳಗೆ ಹೋಗಿ, ಕೊಳವೆ ಬಾಗುವಲ್ಲಿ ಬಿರಡೆಯಂತೆ ಕೂತಿತ್ತು. ಗಂಗಯ್ಯನವರು ಬಿದಿರಿನ ಗಳಕ್ಕೆ ಕೊಕ್ಕೆ ಕಟ್ಟಿ ಎಳೆದರು. ಮೊರಗಳು ಬಂದವು. ಸೀರೆಯ ಅಂಚು ಮೊಳದಷ್ಟು ಹರಿದು ಬಂತು, ಉಳಿದದ್ದು ಇನ್ನೂ ಒಳಗೆ ಹೋಯಿತು. ನೀರಿಗೆ ಇಳಿದು ನೋಡುತ್ತೇನೆಂದವರನ್ನು ನಾನು ತಡೆದೆ. ಆ ಕಮಾನಿನ ಬಾಯಿ ಮನುಷ್ಯನನ್ನೂ ಎಳೆದುಕೊಳ್ಳುತ್ತದೆ. ಉಳಿದದ್ದು ಒಂದೇ ದಾರಿ, ನೆತ್ತಿಯ ಮುಚ್ಚಳ.

ಅಷ್ಟರಲ್ಲಿ ಕೆಳಗಿನ ಬಂಡೆಗಳ ಮೇಲೆ ಸೇರಿದ್ದ ಜನ ಕೈಮುಗಿಯತೊಡಗಿದ್ದರು. ಮೈಕಿನಲ್ಲಿ ಘೋಷಣೆಯೂ ಆಯಿತು: ಅಕ್ಕಪಕ್ಕದವು ನಿಂತರೂ ಮುಖ್ಯ ಅತಿಥಿಗಳು ಬಾಗಿನ ಕೊಟ್ಟ ಕಡೆ ಗಂಗೆ ಇನ್ನೂ ಹರಿಯುತ್ತಿದ್ದಾಳೆ, ಇದು ಶುಭಸೂಚನೆ. ಚಪ್ಪಾಳೆ ಬಿತ್ತು.

ನಾನು ಪ್ರವಾಸಿ ಬಂಗಲೆಗೆ ಓಡಿದೆ. ಊಟ ನಡೆಯುತ್ತಿತ್ತು. ನನ್ನ ಅಧಿಕಾರಿ ಪಡಸಾಲೆಗೆ ಬಂದು, ವಿಷಯ ಕೇಳಿ, ಧ್ವನಿ ತಗ್ಗಿಸಿದರು.

"ಸಾಹೇಬ್ರು ಊಟ ಮಾಡಿ, ದೋಣೀಲಿ ಒಂದು ರೌಂಡ್ ಹೊಡೆದು ಹೊರಡ್ತಾರೆ. ಅಲ್ಲಿವರ್ಗೂ ಆ ಕಟ್ಟೆ ಹತ್ರ ಯಾರೂ ಸುಳೀಬಾರ್ದು."

"ಅವರು ಹೋದ ತಕ್ಷಣ ತೆಗೀಲಾ ಸರ್?"

"ನಾಳೆ ಪೇಪರ್‌ನೋರು ಫಲಕದ ಫೋಟೋಗೆ ಬರ್ತಾರೆ. ನಾಡಿದ್ದು ನೋಡೋಣ."

"ನಾಡಿದ್ದಿಗೆ ಎಡದಂಡೆ ತುದಿಗೆ ನೀರೇ ಉಳಿಯಲ್ಲ ಸರ್."

"ನೀನಿನ್ನೂ ಪ್ರೊಬೇಷನ್ನಲ್ಲಿದೀಯ ಅಲ್ವೇನಮ್ಮ?"

"ಹೌದು ಸರ್."

"ಜ್ಞಾಪಕ ಇರ್ಲಿ."

"ಇದೆ ಸರ್" ಎಂದು ಹೇಳಿ ಹೊರಟೆ.

ಅಪ್ಪ ಮತ್ತು ಅಮ್ಮ ಸಮಾರಂಭ ನೋಡಲೆಂದು ಬಂದವರು ಹೊಂಗೆ ಮರದ ಕೆಳಗೆ ಪ್ರಸಾದದ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದರು. ಅಪ್ಪನ ಪಕ್ಕದಲ್ಲಿ ಅವರ ಗೋಣಿಚೀಲ; ಒಳಗೆ ಸುತ್ತಿಗೆ, ಉಳಿ, ಹಾರೆ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಫಲಕ ತೆಗೆದರೆ ನನ್ನ ಕೆಲಸ ಹೋಗಬಹುದು ಎಂಬುದನ್ನೂ ಹೇಳಿದೆ. ಅಮ್ಮ ಅಪ್ಪನ ಮುಖ ನೋಡಿದರು. ಅಪ್ಪ ಬಾಯಲ್ಲಿದ್ದ ತುತ್ತು ನುಂಗಿ ಕೈ ತೊಳೆದರು.

"ಗಾರೆ ಇನ್ನೂ ಹಸಿ ಐತೆ. ಬತ್ತದೆ" ಎಂದರು. "ಆದ್ರೆ ಕಲ್ಲು ಇಡಿಯಾಗಿ ಬತ್ತದೆ ಅಂತ ಹೇಳಕಾಗಲ್ಲ."

"ಒಡೆದ್ರೂ ಪರವಾಗಿಲ್ಲ."

"ನಿನ್ನೆಸ್ರೈತೆ ಕಣವ್ವ ಅದ್ರಲ್ಲಿ."

"ಗೊತ್ತು ಅಪ್ಪ."

ಕಟ್ಟೆಯ ಮೆಟ್ಟಿಲ ಬಳಿ ಪುಟ್ಟೀರಮ್ಮ ಮತ್ತು ಅವರೂರಿನ ಹೆಂಗಸರು ನಮ್ಮನ್ನು ತಡೆದರು. ಸುತ್ತಿಗೆ ನೋಡಿ ಅವರಿಗೆ ಅರ್ಥವಾಗಿತ್ತು.

"ಗಂಗಮ್ಮಂಗೆ ಕೊಟ್ಟ ಬಾಗಿನ ಅದು. ನಿಲ್ಸೋದು ಒಳ್ಳೇದಲ್ಲ, ಬುಡ್ರವ್ವ."

ವಾದ ಮಾಡಲು ಸಮಯವಿರಲಿಲ್ಲ. ಅವರ ಕೈಹಿಡಿದು ಗೋಡೆಯಂಚಿಗೆ ಕರೆದೊಯ್ದೆ. ಪೂರ್ಣಮಟ್ಟದ ಬಿಳಿ ಗೆರೆಗೂ ನೀರಿಗೂ ನಡುವೆ ಗೋಡೆ ಒದ್ದೆಯಾಗಿ ಕಪ್ಪಗಿತ್ತು, ಆಗಲೇ ಗೇಣಗಲ.

"ಈ ಒದ್ದೆ ಪಟ್ಟಿ ನೋಡಿ ಅಮ್ಮ. ಇದು ನಿಮ್ಮೂರ ನೀರು. ಬಂಡೆ ಮೇಲೆ ಬಿದ್ದು ಹೋಗ್ತಾ ಇದೆ. ಇದಕ್ಕೇ ಅವರು ಚಪ್ಪಾಳೆ ಹೊಡೀತಿರೋದು."

ಪುಟ್ಟೀರಮ್ಮ ಗೋಡೆ ನೋಡಿದರು, ಬಂಡೆಗಳ ಕಡೆ ನೋಡಿದರು. ಹಿಂದಿರುಗಿ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತು ಎಲೆಅಡಿಕೆ ಚೀಲ ಬಿಚ್ಚಿದರು. ಉಳಿದ ಹೆಂಗಸರೂ ಕುಳಿತರು. ಮೆಟ್ಟಿಲು ತುಂಬಿಹೋಯಿತು. ಕಾವಲಿಗಿದ್ದ ಪೇದೆ ಬಂದು ಗದರಿದರು.

"ಏಳಮ್ಮ ಮೇಲೆ, ದಾರಿ ಬುಡು."

"ಮಂಡಿನೋವು ಕಣಪ್ಪ, ಏಳಕಾಗಕಿಲ್ಲ. ನಿಂಗೇನಾದ್ರೂ ಎಬ್ಬಸಕಾದ್ರೆ ಎಬ್ಬಸು."

ಅವರು ಎಬ್ಬಿಸಲು ಹೋಗಲಿಲ್ಲ.

ಮೇಲೆ ಅಪ್ಪ ಹಾರೆ ಎತ್ತಿದರು. ನಾನು ಅವರನ್ನು ತಡೆದು ಸುತ್ತಿಗೆ ಈಸಿಕೊಂಡೆ. ಇದು ನಾಳೆ ಯಾರ ತಲೆಯ ಮೇಲೆ ಬರುತ್ತದೆಂದು ನನಗೆ ಗೊತ್ತಿತ್ತು. ಮೊದಲ ಏಟು ಇಲಾಖೆಯವರದೇ ಆಗಿರಬೇಕು. ಉಳಿಯನ್ನು ಪೀಠದ ಸಂದಿಗೆ ಇಟ್ಟು ಹೊಡೆದೆ. ಎರಡನೆಯ ಏಟಿಗೆ ಅಪ್ಪ, "ಹಂಗಲ್ಲ ಕಣವ್ವ, ಬೆರಳು ಹೋಯ್ತದೆ. ಈ ಕಡೆ ಕೊಡು" ಎಂದು ಕಿತ್ತುಕೊಂಡರು. ಅವರು ಫಲಕದ ಕೆಳಗೆ ಹಾರೆ ಹಾಕಿ ಮೀಟಿದರು. ಕಲ್ಲು ನಡುವಿನಲ್ಲಿ ಬಿರುಕುಬಿಟ್ಟು ಎರಡು ಹೋಳಾಗಿ ಬಿತ್ತು. ಅಪ್ಪ ಅದರ ಕಡೆ ನೋಡದೆ ಪೀಠದ ಇಟ್ಟಿಗೆ ಕೀಳತೊಡಗಿದರು. ಗಂಗಯ್ಯನವರು ಸ್ಪ್ಯಾನರ್ ತಂದರು. ನಾಲ್ಕು ಬೋಲ್ಟುಗಳಲ್ಲಿ ಮೂರು ತಿರುಗಿದವು, ಒಂದನ್ನು ಅಪ್ಪ ಉಳಿಯಿಂದ ಕತ್ತರಿಸಿದರು.

ಮುಚ್ಚಳ ಬೆರಳು ತೂರುವಷ್ಟು ಎದ್ದಿತು. ಗಾಳಿ ಒಳಗೆ ನುಗ್ಗಿದ ಸದ್ದು ಬಸ್ಸಿನ ಹಾರನ್ನಿಗಿಂತ ಜೋರಾಗಿತ್ತು. ನನ್ನ ದುಪಟ್ಟಾದ ತುದಿಯನ್ನು ಅದು ಎಳೆದುಕೊಂಡಿತು. ಅಪ್ಪ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಸೆಳೆದರು. ಒಳಗೆ ನೀರು ಗುಡುಗಿತು, ಕಟ್ಟೆ ಅದುರಿತು. ಆಮೇಲೆ ಎಲ್ಲ ನಿಂತಿತು. ಎಷ್ಟು ನಿಶ್ಶಬ್ದವಾಯಿತೆಂದರೆ ಬಂಡೆಗಳ ಮೇಲೆ ನಿಂತಿದ್ದ ಯುವಕನೊಬ್ಬನ ಮಾತು ಸ್ಪಷ್ಟವಾಗಿ ಕೇಳಿಸಿತು: "ಏನ್ಲಾ ಇದು, ಇನ್ನೂ ಸೋಪೇ ಹಚ್ಚಿರ್ಲಿಲ್ಲ, ನಲ್ಲಿ ನಿಲ್ಸ್‌ಬುಟ್ರು."

ನನ್ನ ಅಧಿಕಾರಿ ಕೈಯಲ್ಲಿ ಕರವಸ್ತ್ರ ಹಿಡಿದುಕೊಂಡೇ ಓಡಿಬಂದರು. ಹೆಂಗಸರು ದಾರಿ ಬಿಡಲಿಲ್ಲವಾದ್ದರಿಂದ ಮೆಟ್ಟಿಲ ಕೆಳಗಿನಿಂದಲೇ ಕೇಳಿದರು.

"ಏನಮ್ಮ ಮಾಡ್ದೆ ನೀನು?"

"ನೀರು ನಿಲ್ಲಿಸಿದೆ ಸರ್."

ವಾರ ಕಳೆಯುವುದರೊಳಗೆ ನನ್ನ ಅಮಾನತಿನ ಆದೇಶ ಬಂತು. ಸರ್ಕಾರಿ ಸ್ವತ್ತಿಗೆ ಹಾನಿ, ಅತಿಥಿಗಳಿಗೆ ಅಗೌರವ, ಮೇಲಧಿಕಾರಿಯ ಮಾತು ಮೀರಿದ್ದು ಎಂಬ ಮೂರು ಆರೋಪಗಳು. ವಿಚಾರಣೆ ತುಮಕೂರಿನ ಕಚೇರಿಯೊಂದರಲ್ಲಿ ನಡೆಯಿತು. ವಿಚಾರಣಾಧಿಕಾರಿ ಹೊರಗಿನಿಂದ ಬಂದವರು, ಮೃದುವಾಗಿಯೇ ಮಾತನಾಡಿದರು.

"ಯಾರ ಆದೇಶದ ಮೇಲೆ ಫಲಕ ತೆಗೆದಿರಿ?"

"ಯಾರ ಆದೇಶವೂ ಇರಲಿಲ್ಲ ಸರ್. ಮುಚ್ಚಳದ ಮೇಲೆ ಫಲಕ ಕಟ್ಟಿದ್ದು ಯಾರ ಆದೇಶದ ಮೇಲೆ ಎಂದು ಯಾರನ್ನಾದರೂ ಕೇಳಿದ್ದೀರಾ?"

ಅವರು ಪೆನ್ನು ಕೆಳಗಿಟ್ಟರು. "ನೋಡಮ್ಮ, ನಿನಗೆ ಒಳ್ಳೇದಾಗಲಿ ಅಂತ ಹೇಳ್ತಿದೀನಿ. ಆ ದಿನ ಅಲ್ಲಿ ಒಬ್ಬ ಕಲ್ಲು ಕೆಲಸದವನು ಇದ್ದನಂತೆ. ಅವನು ಕುಡಿದು ಬಂದು ಒಡೆದ, ನನಗೆ ತಡೆಯೋಕೆ ಆಗ್ಲಿಲ್ಲ ಅಂತ ಬರ್ಕೊಡು. ಅವನಿಗೇನು ಹೋಗೋದಿದೆ? ಇವತ್ತೇ ಮುಗಿಸ್ತೀನಿ."

ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕಾಗಬಹುದೆಂದು ನಾನು ರಾತ್ರಿಯೆಲ್ಲ ವಾಕ್ಯಗಳನ್ನು ಉರುಹಚ್ಚಿಕೊಂಡು ಹೋಗಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಬೇಕಾಗಲೂ ಇಲ್ಲ.

"ಸರ್, ಅವರ ಹೆಸರು ಹನುಮಂತಪ್ಪ. ನನ್ನ ತಂದೆ. ಅವರು ಕುಡಿಯುವುದಿಲ್ಲ. ಮೊದಲ ಏಟು ಹಾಕಿದವಳು ನಾನು. ಇದೇ ಮಾತುಗಳನ್ನು ಬರೆದುಕೊಳ್ಳಿ."

ಅವರು ಪೆನ್ನು ಮತ್ತೆ ಎತ್ತಿಕೊಂಡರು. ಹಾಗೆಯೇ ಬರೆದುಕೊಂಡರು. ನಾನು ಓದಿ ನೋಡಿ ಸಹಿ ಹಾಕಿದೆ.

ಹೊರಗೆ ಅಪ್ಪ ಸೈಕಲ್ ಹಿಡಿದುಕೊಂಡು ನಿಂತಿದ್ದರು.

"ತೆಪ್ಪಾಯ್ತು ಅಂತ ಬರ್ಕೊಟ್ಟೇನವ್ವ?"

"ಇಲ್ಲ."

"ಸರಿ, ನಡಿ" ಎಂದರು.

ಅಮಾನತಿನ ತಿಂಗಳುಗಳಲ್ಲಿ ಒಮ್ಮೆ ಬಸ್ಸು ಹತ್ತಿ ಹರಳುಕಟ್ಟೆಪಾಳ್ಯಕ್ಕೆ ಹೋಗಿದ್ದೆ. ನಾಲೆಯ ಕೊನೆಯ ತೂಬಿನಲ್ಲಿ ನೀರು ಹರಿಯುತ್ತಿತ್ತು. ಪುಟ್ಟೀರಮ್ಮ ಮೊಣಕಾಲುದ್ದದ ಕೆಸರಿನಲ್ಲಿ ನಾಟಿ ಹಾಕುತ್ತಿದ್ದರು. ನನ್ನನ್ನು ಕಂಡು ಬೆನ್ನು ನೆಟ್ಟಗೆ ಮಾಡಿ, "ಬರ್ದೂ ಕೊಡ್ಲಿಲ್ಲ, ಸುಳ್ಳೂ ಹೇಳ್ಲಿಲ್ಲ ಕಣ್ರೇ ನೀವು" ಎಂದರು. ಆಮೇಲೆ ಜೊತೆಯವರ ಕಡೆ ತಿರುಗಿ, "ಇವ್ರಿಗೂ ಒಂದು ಸಾಲು ಬುಡ್ರೇ, ಸುಮ್ಕೆ ನಿಂತವ್ರೆ" ಎಂದರು. ನಾನು ಚಪ್ಪಲಿ ಬಿಟ್ಟು ಗದ್ದೆಗೆ ಇಳಿದೆ. ನನ್ನ ಸಾಲು ಸೊಟ್ಟಗಾಯಿತು. ಅವರೆಲ್ಲ ಅದನ್ನು ತೋರಿಸಿ ನಕ್ಕರು. ಆ ನಗೆಗೆ ಮಾತ್ರ ನನಗೆ ಅಳುಕಾಗಲಿಲ್ಲ.

ಕೊನೆಗೆ ಅಮಾನತು ರದ್ದಾಯಿತು. ಒಂದು ವಾರ್ಷಿಕ ವೇತನ ಬಡ್ತಿ ತಡೆದು, ಎಚ್ಚರಿಕೆ ನೀಡಿ, ನನ್ನನ್ನು ನಕ್ಷೆ ಬಿಡಿಸುವ ವಿಭಾಗಕ್ಕೆ ಹಾಕಿದರು. ಅಣೆಕಟ್ಟುಗಳಿಂದ ದೂರವಿಡಲೆಂದೇ ಹಾಗೆ ಮಾಡಿದ್ದು. ಎರಡು ಸಾವಿರದ ಇಸವಿಯಾದ ಮೇಲೆ ನನಗೆ ಮತ್ತೆ ಜಲಾಶಯಗಳ ಕೆಲಸ ಸಿಕ್ಕಿತು. ಹೋದ ಕಡೆಯಲ್ಲೆಲ್ಲ ಮೊದಲ ದಿನವೇ ಎಲ್ಲ ಮುಚ್ಚಳಗಳನ್ನೂ ತೆರೆಸಿ ನೋಡುತ್ತಿದ್ದೆ. ದೊಡ್ಡಕಣಿವೆಯಲ್ಲಿ ಈಗ ಬಾಗಿನವನ್ನು ಹಳೆಯ ಸೋಪಾನದ ಬಳಿಯೇ ಬಿಡುತ್ತಾರೆ, ನಡುವಿನ ಸೈಫನ್ನಿನ ನೆತ್ತಿಯ ಮೇಲೆ ಏನೂ ಇಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು: ಆಪತ್ತಿನಲ್ಲಿ ತೆರೆಯಬೇಕಾದ ಮುಚ್ಚಳದ ಮೇಲೆ ಯಾರ ಹೆಸರೂ ಇರಬಾರದು. ನನ್ನದೂ ಸೇರಿ.

ಆಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳನ್ನೂ ಹೇಳಿ ಮುಗಿಸುತ್ತೇನೆ. ಅಮಾನತಿನ ಕಾಲದ ಅರೆಸಂಬಳದಲ್ಲಿ ಬಾಡಿಗೆ ಕಟ್ಟಲಾಗದೆ ಶೆಟ್ಟಿಹಳ್ಳಿಯ ಮನೆ ಬಿಟ್ಟು ಉಪ್ಪಾರಹಳ್ಳಿಯ ಒಂದು ಕೋಣೆಯ ಮನೆಗೆ ಹೋದೆವು. ನನ್ನ ಮದುವೆಗೆ ಗೊತ್ತಾಗಿದ್ದ ಸಂಬಂಧದವರು ಬೇಡವೆಂದರು. ನಾನು ಮದುವೆಯಾದದ್ದು ಆರು ವರ್ಷ ತಡವಾಗಿ, ಬೇರೆಯವರನ್ನು. ನನ್ನ ತಮ್ಮನ ಓದು ಒಂದು ವರ್ಷ ನಿಂತು ಮತ್ತೆ ಮುಂದುವರಿಯಿತು. ಅಪ್ಪನಿಗೆ ಗುತ್ತಿಗೆದಾರರು ಯಾರೂ ಫಲಕದ ಕೆಲಸ ಕೊಡಲಿಲ್ಲ, ಅವರು ಕೊನೆಯವರೆಗೂ ಒರಳುಕಲ್ಲನ್ನಷ್ಟೇ ಕಡೆದರು. ಒಡೆದ ಫಲಕದ ಕೆಳಗಿನ ಹೋಳನ್ನು ಅವರು ಅಂದೇ ಲಾರಿಗೆ ಹಾಕಿಕೊಂಡು ಬಂದಿದ್ದರು. ಅದು ಈಗ ಉಪ್ಪಾರಹಳ್ಳಿಯಲ್ಲಿ ನಾವು ಕಟ್ಟಿಕೊಂಡ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲು. ಅಕ್ಷರಗಳು ಸವೆದಿವೆ. ತಪ್ಪಾಯಿತೆಂದು ಬರೆದುಕೊಡು ಎಂದು ನಮ್ಮ ಮನೆಯಲ್ಲಿ ಯಾರೂ, ಒಂದು ದಿನವೂ, ನನಗೆ ಹೇಳಲಿಲ್ಲ.